ತುಂಗಭದ್ರೆಯ ದಂಡೆಯೂ ಬೀಜದ ವಂಶಾವಳಿಯೂ

ಭಾನುವಳ್ಳಿಯ ಗದ್ದೆಬಯಲಿಗೆ ಬಹುದೂರವಲ್ಲದೆ, ಹರಿಹರಕ್ಕಿಂತ ಮೇಲ್ಗಡೆ, ತುಂಗಭದ್ರೆಯ ದಂಡೆಯಲ್ಲಿ ಹಳ್ಳೂರೆಂಬ ಗ್ರಾಮವಿದೆ. 1965ರಲ್ಲಿ ಪುರಾತತ್ತ್ವಜ್ಞ ಎಂ. ಎಸ್. ನಾಗರಾಜರಾವ್ ಅವರು ಅಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ಜನವಸತಿಯೊಂದನ್ನು ಬೆಳಕಿಗೆ ತಂದರು. ತರುವಾಯ ಅಲ್ಲಿಯ ಮಣ್ಣನ್ನು ನೀರಿನಲ್ಲಿ ತೇಲಿಸಿ ಶೋಧಿಸಿದ ವಿದ್ವಾಂಸರಿಗೆ ಹುರುಳಿ, ಹೆಸರು, ಕೊರಲೆಗಳ ಸುಟ್ಟು ಕರಕಲಾದ ಕಾಳುಗಳು ದೊರೆತವು. ಆಕೃತಿಯಿಂದ ಅವುಗಳ ಜಾತಿಯನ್ನು ಗುರುತಿಸಬಹುದು, ಡಿ.ಎನ್.ಎ.ಯನ್ನು ಓದುವುದು ಮಾತ್ರ ಬಹುಮಟ್ಟಿಗೆ ಕೈಗೂಡದ ಕಾರ್ಯ.

ಜೀವಿಯು ಸತ್ತೊಡನೆ ಡಿ.ಎನ್.ಎ.ಯ ದೀರ್ಘ ತಂತುವನ್ನು ದುರಸ್ತಿಗೊಳಿಸುತ್ತಿದ್ದ ಕಿಣ್ವಗಳು ನಿಷ್ಕ್ರಿಯವಾಗಿ, ನೀರು ಅದನ್ನು ತುಂಡುತುಂಡಾಗಿ ಕಡಿಯುತ್ತದೆ. ಶಾಖವೇರಿದಷ್ಟೂ ಆ ಕ್ಷಯ ತ್ವರಿತವಾಗುತ್ತದೆ. ಸೈಬೀರಿಯದ ಹೆಪ್ಪುನೆಲವು ಹತ್ತು ಲಕ್ಷ ವರ್ಷ ಮೀರಿದ ಮ್ಯಾಮತ್ತಿನ ಹಲ್ಲಿನಲ್ಲಿಯೂ ಅದನ್ನು ಕಾಪಾಡಿತು. ಬಿಸಿಲನಾಡಾದ ಹರಿಯಾಣದಲ್ಲಿ, ಹರಪ್ಪಾ ಕಾಲದ ನೆಲೆಯಾದ ರಾಖಿಗಢಿಯಲ್ಲಾದರೋ, ವಸಂತ ಶಿಂದೆ, ನೀರಜ್ ರಾಯ್ ಮೊದಲಾದ ಸಂಶೋಧಕರು 61 ಅಸ್ಥಿಮಾದರಿಗಳನ್ನು ಪರೀಕ್ಷಿಸಿ, 2019ರಲ್ಲಿ ಪ್ರಕಟಿಸಿದ್ದು ಒಬ್ಬಳೇ ಸ್ತ್ರೀಯ ವಂಶವೃತ್ತಾಂತವನ್ನು. ಆದಕಾರಣ ದಖ್ಖನಿನ ಬೆಳೆಗಳ ಪೂರ್ವಚರಿತ್ರೆಗೆ ನಮಗುಳಿದಿರುವ ಮುಖ್ಯ ಆಧಾರವೆಂದರೆ, ತಲೆತಲಾಂತರದಿಂದ ಬಿತ್ತಿ ಬೆಳೆದು ಮರಳಿ ಬೀಜಕ್ಕೆಂದು ತೆಗೆದಿರಿಸಿದ ಜೀವಂತ ನಾಟಿ ತಳಿಗಳೇ.

ಬೇರೆ ಜೀವಿಯ ವಂಶವಾಹಿಯನ್ನು ಸೇರಿಸಿದ ಕುಲಾಂತರಿ ಬೆಳೆಗಳ ವಿವಾದವನ್ನು, ಈ ನಾಟಿ ತಳಿಗಳು ಬೆರಕೆಯಾಗದೆ ಉಳಿಯುತ್ತವೆಯೇ ಎಂಬ ದೃಷ್ಟಿಯಿಂದಲೇ ನೋಡಬೇಕೆಂದು ನಾನು ಬಲವಾಗಿ ನಂಬುತ್ತೇನೆ. 1998ರಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ರೈತಸಂಘವು ರಾಯಚೂರು ಸೀಮೆಯಲ್ಲಿ ಬ್ಯಾಕ್ಟೀರಿಯವೊಂದರ ವಂಶವಾಹಿ ಸೇರಿಸಿದ ಪ್ರಯೋಗದ ಬಿ.ಟಿ. ಹತ್ತಿಯನ್ನು ಕಿತ್ತು ಸುಟ್ಟಿತು. 2002ರಲ್ಲಿ ಆ ಹತ್ತಿಗೆ ಸರಕಾರದ ಅನುಮತಿಯೂ ದೊರೆತು, ಕೆಲವೇ ವರ್ಷಗಳಲ್ಲಿ ಅದು ದೇಶದ ಹತ್ತಿಹೊಲಗಳನ್ನು ಬಹುಪಾಲು ಆಕ್ರಮಿಸಿತು. ಬದನೆಯ ಗತಿ ಬೇರೆಯಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ನಮ್ಮ ನಾಡಿನ ತಳಿಗಳಿಗೇ ಬಿ.ಟಿ. ವಂಶವಾಹಿಯನ್ನು ಸೇರಿಸಿತ್ತು, ಬದನೆಯ ಅಪಾರ ವೈವಿಧ್ಯವಿರುವ ದೇಶದಲ್ಲಿ ಇದು ಸಲ್ಲದೆಂಬ ಕೂಗೆದ್ದು, 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ತಡೆಯಾಜ್ಞೆ ವಿಧಿಸಿತು.

ತಳಿಯ ವಂಶವಾಹಿಯನ್ನೇ ತಿದ್ದುವ ಈಗಿನ ವಿಧಾನ ಇನ್ನೂ ಸೂಕ್ಷ್ಮವಾದುದು. 2025ರ ಮೇ ತಿಂಗಳಲ್ಲಿ ಘೋಷಿತವಾದ ‘ಕಮಲಾ’ ಭತ್ತವು, ನೀರಾವರಿಯ ರೈತರು ಬಿ.ಪಿ.ಟಿ. ಎಂದು ಕರೆಯುವ ಸಾಂಬಾ ಮಸೂರಿಯ ಒಂದು ವಂಶವಾಹಿಯನ್ನು ತಿದ್ದಿ ಪಡೆದ ತಳಿ. ತೆನೆಯಲ್ಲಿ ಕಾಳು ಹೆಚ್ಚು, ಪರಕೀಯ ವಂಶವಾಹಿ ಇಲ್ಲ. ಇಂತಹ ತಿದ್ದುಪಡಿಗಳನ್ನು 2022ರಲ್ಲಿಯೇ ಸರಕಾರವು ಕುಲಾಂತರಿಯ ಕಠಿಣ ನಿಯಮಗಳಿಂದ ವಿನಾಯಿತಿಗೊಳಿಸಿದೆ. ಭದ್ರಾ ಅಚ್ಚುಕಟ್ಟಿನ ಭತ್ತಕ್ಕೆ ಇದರಿಂದ ಮಹಾಭಯವೇನೂ ಇಲ್ಲ, ಏಕೆಂದರೆ ಭತ್ತದ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳುಕಟ್ಟುವುದರಿಂದ ಪಕ್ಕದ ಹಳೆಯ ತಳಿಯು ಸ್ವಲ್ಪ ಅಂತರದಲ್ಲಿಯೇ ಶುದ್ಧವಾಗಿ ಉಳಿಯಬಲ್ಲುದು. ಬದನೆಯದು ಹಾಗಲ್ಲ, ಅದರ ಪರಾಗವನ್ನು ದುಂಬಿಗಳು ಪಕ್ಕದ ತಳಿಗೂ ಹೊತ್ತೊಯ್ಯುತ್ತವೆ. ವಿನಾಯಿತಿಯಾದರೋ ತಿದ್ದುವ ವಿಧಾನವನ್ನು ನೋಡಿ ಕೊಟ್ಟುದೇ ಹೊರತು, ಬೆಳೆಯ ಪರಾಗಸ್ಪರ್ಶದ ರೀತಿಯನ್ನು ನೋಡಿ ಕೊಟ್ಟುದಲ್ಲ.