ಬೆಳಕಿಗೆ ಬೆಳಕೇ ಅಡ್ಡಿ

ಎರಡು ದೀಪಗಳ ಕಿರಣಗಳು ಗಾಳಿಯಲ್ಲಿ ಒಂದನ್ನೊಂದು ದಾಟಿದರೂ ಯಾವುದಕ್ಕೂ ಬಾಧೆ ತಗಲುವುದಿಲ್ಲ. ಒಂದೇ ಗಾಜಿನ ಎಳೆಯಲ್ಲಿ ಹಲವು ಬಣ್ಣದ ಬೆಳಕುಗಳನ್ನು ಹರಿಸಿ, ಒಂದೊಂದರ ಮೇಲೂ ಬೇರೆ ಬೇರೆ ಸಂದೇಶವನ್ನು ಹೊರಿಸಬಹುದೆಂಬ ಆಶೆ ಹುಟ್ಟಿದುದು ಈ ಗುಣದಿಂದಲೇ. ಬಣ್ಣವೆಂದೆವು; ಇವೆಲ್ಲ ಕಣ್ಣಿಗೆ ಕಾಣದ, ಕೆಂಪಿನಾಚೆಯ ಬಣ್ಣಗಳು. ಆದರೆ ಗಾಜು ಗಾಳಿಯಂತಲ್ಲ.

ಪ್ರಬಲವಾದ ವಿದ್ಯುತ್ ಕ್ಷೇತ್ರವು ಗಾಜಿನ ವಕ್ರೀಭವನ ಗುಣವನ್ನು ಬದಲಿಸುವುದೆಂದು ಗ್ಲಾಸ್ಗೋ ನಗರದ ಅಧ್ಯಾಪಕ ಜಾನ್ ಕೆರ್ 1875ರಲ್ಲಿ ತೋರಿಸಿದನು. ಬೆಳಕೂ ವಿದ್ಯುತ್ ಕ್ಷೇತ್ರವುಳ್ಳ ಅಲೆಯೇ ಅಷ್ಟೆ? ಆದುದರಿಂದ ಅದು ತಾನು ಸಾಗುವ ಗಾಜನ್ನೇ ತುಸು ಮಾರ್ಪಡಿಸುತ್ತದೆ. ಈ ಮಾರ್ಪಾಟು ಅತ್ಯಲ್ಪವೇನೋ ಹೌದು. ಆದರೆ ಎಳೆಯ ತಿರುಳಿನ ಅಗಲ ಸುಮಾರು 9 ಮೈಕ್ರಾನ್ ಮಾತ್ರ. ಅದರೊಳಗೆ ಒಂದು ಮಿಲಿವಾಟ್ ಬೆಳಕನ್ನು ತುಂಬಿದರೂ ತೀವ್ರತೆಯು ನಡುಹಗಲ ಬಿಸಿಲಿನ ಹತ್ತು ಸಾವಿರ ಪಟ್ಟನ್ನು ಮೀರುತ್ತದೆ. ಸಾವಿರಾರು ಕಿಲೊಮೀಟರು ದೂರ ಸಾಗುವಷ್ಟರಲ್ಲಿ ಅಲ್ಪವು ಬೆಳೆದು ದೊಡ್ಡದಾಗುತ್ತದೆ.

ಆಗ ಒಂದು ಬಣ್ಣದ ಏರಿಳಿತವು ನೆರೆಯ ಬಣ್ಣದ ಅಲೆಯನ್ನು ಕದಲಿಸುತ್ತದೆ. ಮೂರು ಕಂಪನಸಂಖ್ಯೆಗಳು ಬೆರೆತು ನಾಲ್ಕನೆಯದೊಂದು ಹುಟ್ಟುವುದೂ ಉಂಟು. ಬಣ್ಣಗಳನ್ನು ಸಮಾನ ಅಂತರದಲ್ಲಿಟ್ಟಿದ್ದರೆ ಈ ಹೊಸ ಬೆಳಕು ಬೇರೊಂದು ಸಂದೇಶದ ಮೇಲೆಯೇ ಬಂದು ಕೂರುತ್ತದೆ. ಅದನ್ನು ಸೋಸಿ ತೆಗೆಯುವ ಜರಡಿಯಿಲ್ಲ.

ಇಲ್ಲೊಂದು ವಿನೋದವಿದೆ. ಬೇರೆ ಬೇರೆ ಬಣ್ಣಗಳು ಗಾಜಿನಲ್ಲಿ ಬೇರೆ ಬೇರೆ ವೇಗದಿಂದ ಸಾಗುವುದನ್ನು ಎಂಜಿನಿಯರರು ಬಹುಕಾಲ ದೋಷವೆಂದೇ ಎಣಿಸಿ, 1.55 ಮೈಕ್ರಾನ್ ತರಂಗಾಂತರದ ಬಳಿ ಆ ವ್ಯತ್ಯಾಸವಿಲ್ಲದ ಎಳೆಯನ್ನು ರೂಪಿಸಿದರು. ರೋಗ ಹೆಚ್ಚಿದುದು ಅಲ್ಲಿಯೇ! ಜೊತೆಯಾಗಿ ಸಾಗುವ ಎರಡು ಗಾಡಿಗಳವರು ದಾರಿಯುದ್ದಕ್ಕೂ ಹರಟಬಲ್ಲರು. ಒಂದು ಮುಂದೆ ಸರಿದರೆ ಮಾತು ತುಂಡಾಗುತ್ತದೆ. ಬೆಳಕಿನದೂ ಇದೇ ರೀತಿ. 1990ರ ದಶಕದಲ್ಲಿ, ತುಸು ವೇಗಭೇದವನ್ನು ಬೇಕೆಂದೇ ಉಳಿಸಿದ ಎಳೆಗಳು ಬಂದವು. ಇಂದು ಆ ಭೇದವನ್ನು ಇದ್ದಂತೆಯೇ ಬಿಟ್ಟು, ಅದರಿಂದಾದ ಹರಡಿಕೆಯನ್ನು ಕೊನೆಯಲ್ಲಿ ಗಣಿತದಿಂದ ಸರಿಪಡಿಸುವುದೇ ವಾಡಿಕೆ.

ಬೆಳಕಿನ ಬಲವನ್ನು ಹೆಚ್ಚಿಸಿ ಗದ್ದಲವನ್ನು ಮುಳುಗಿಸೋಣವೆಂದರೆ ಅದಕ್ಕೂ ಮಿತಿಯುಂಟು. ಎಲ್ಲ ಬಣ್ಣಗಳ ಬಲವನ್ನು ಎರಡು ಪಟ್ಟು ಮಾಡಿದರೆ ಈ ಅಡ್ಡಿಯು ಸುಮಾರು ಎಂಟು ಪಟ್ಟಾಗುತ್ತದೆ. ಕೆರ್ ಕಂಡ ನಿಯಮ ತಿಳಿದಿರುವುದರಿಂದ, ಬೆಳಕು ಬಂದ ದಾರಿಯನ್ನು ಗಣಕದಲ್ಲಿ ಹಿಮ್ಮುಖವಾಗಿ ಲೆಕ್ಕಹಾಕಿ ಕೆಡುಕನ್ನು ಅಳಿಸಬಹುದು. ಆದರೆ ಲೆಕ್ಕ ಅಪಾರ. ದಾರಿಯ ವರ್ಧಕಗಳು ಬೆರೆಸಿದ ಗೊತ್ತುಗುರಿಯಿಲ್ಲದ ಗದ್ದಲವನ್ನು ಯಾವ ಲೆಕ್ಕವೂ ಹಿಂದಿರುಗಿಸಲಾರದು. ಅಗಲವಾದ ತಿರುಳಿನಲ್ಲಿ ಬೆಳಕನ್ನು ಹರಡುವುದೇ ಸರಳೋಪಾಯವೆಂದು ನಮಗೆ ತೋರುತ್ತದೆ. ಎಳೆಗಳನ್ನೇ ಹೆಚ್ಚಿಸಿ, ಒಂದೊಂದಕ್ಕೂ ಕಡಮೆ ಬಲ ಕೊಡುವುದು ಇನ್ನೊಂದು ದಾರಿ: ಅಮೆರಿಕ–ಫ್ರಾನ್ಸುಗಳ ನಡುವೆ 2021ರಲ್ಲಿ ಕೆಲಸಕ್ಕೆ ತೊಡಗಿದ ಡ್ಯೂನಾಂಟ್ ಸಮುದ್ರಕೇಬಲಿನಲ್ಲಿ 12 ಜೋಡಿ ಎಳೆಗಳಿವೆ.