ಗಾಳಿಯೇ ಇಲ್ಲದ ಕಡೆ ಚೂಪು ಮೂತಿ ಯಾಕೆ?

ಕೊಟ್ಟೂರಿನ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಅನ್ಯಗ್ರಹದ ನೌಕೆ ಬಿಡಿಸಿ ಅಂದರೆ ಮಕ್ಕಳು ಬಿಡಿಸುವುದು ತಟ್ಟೆ, ಇಲ್ಲವೇ ಚೂಪು ಮೂತಿಯ ರಾಕೆಟ್. ಆಗ ನಾನು ‘ಆರ್ಯಭಟ’ದ ಚಿತ್ರ ತೋರಿಸುತ್ತೇನೆ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಉಪಗ್ರಹ ಅದು. ಸುಮಾರು 360 ಕಿಲೋ ತೂಕ, 26 ಮುಖ, ಮೈತುಂಬ ಸೌರಕೋಶ. ಮೂತಿಯೂ ಇಲ್ಲ, ರೆಕ್ಕೆಯೂ ಇಲ್ಲ. ಚೂಪು ಬೇಕಾಗುವುದು ಗಾಳಿ ಸೀಳಲು. ಅಲ್ಲಿ ಸೀಳಲು ಗಾಳಿ ಎಲ್ಲಿದೆ?

ನಮ್ಮ ಗುರು ಬಸವೇಶ್ವರರ ತೇರಿಗೆ ಬುಡ ಅಗಲ ಇರಲೇಬೇಕು, ಭೂಮಿ ಎಳೆಯುತ್ತದೆ. ನಕ್ಷತ್ರಗಳ ನಡುವೆ ತೇಲುವ ನೌಕೆಗೆ ಬುಡವೂ ಬೇಡ, ಕಳಸವೂ ಬೇಡ.

ಹಾಗಂತ ಯಾವ ಆಕಾರವಾದರೂ ನಡೆಯುವುದಿಲ್ಲ. ಒಳಗೆ ಉಸಿರಾಡುವ ಜೀವಿಗಳಿದ್ದರೆ ಗಾಳಿ ಗೋಡೆಯನ್ನು ಹೊರಕ್ಕೆ ಒತ್ತುತ್ತದೆ. ಆ ಒತ್ತಡವನ್ನು ಚೆನ್ನಾಗಿ ತಾಳುವುದು ಗೋಳ, ಅದು ಬಿಟ್ಟರೆ ಸಿಲಿಂಡರ್. ಎಂಜಿನ್ನಿನ ಬಿಸಿ ಶೂನ್ಯದಲ್ಲಿ ವಿಕಿರಣವಾಗಿಯೇ ಹೋಗಬೇಕು, ಅದಕ್ಕೆ ಅಗಲವಾದ ತೆಳು ಹಲಗೆಗಳು ಬೇಕು. ಬೆಳಕಿನ ವೇಗದ ಹತ್ತನೇ ಒಂದು ಭಾಗದಲ್ಲಿ ಓಡಿದರಂತೂ ಎದುರು ಸಿಕ್ಕ ಧೂಳಿನ ಕಣವೂ ಅಪಾಯ. ಮುಂಭಾಗ ಕಿರಿದಾದಷ್ಟೂ ಪೆಟ್ಟು ಕಡಿಮೆ.

ನನಗೆ ಹೆಚ್ಚು ನಂಬಿಕೆ ಬರುವುದು ಉದ್ದನೆಯ, ಸಪೂರವಾದ, ಪಕ್ಕದಲ್ಲಿ ಹಲಗೆ ಚಾಚಿದ ನೌಕೆಯ ಮೇಲೆ. ಜೀವಿಗಳೇ ಇಲ್ಲದ ಯಂತ್ರವಾದರೆ ಬೆಳಕು ತಳ್ಳುವ ತೆಳು ಹಾಯಿಯೂ ಆಗಬಹುದು. ಜಪಾನಿನ ‘ಇಕಾರೋಸ್’ 2010ರಲ್ಲೇ ಅಂಥ ಹಾಯಿ ಬಿಚ್ಚಿ ಸಾಗಿತ್ತು.