ಮಾವಿ ದ್ವೀಪದ ಹೊಲಗಳು

ಪೆಸಿಫಿಕ್ ಮಹಾಸಾಗರದ ನಡುವೆ, ಅಮೆರಿಕದ ಪಶ್ಚಿಮ ತೀರಕ್ಕೆ ಸುಮಾರು 2,400 ಮೈಲಿ ದೂರದಲ್ಲಿ, ಹವಾಯಿ ದ್ವೀಪಗಳು ಹರಡಿಕೊಂಡಿವೆ. ವರ್ಷವಿಡೀ ಬೆಳೆ ತೆಗೆಯಬಹುದಾದ ಹವೆ. ಜ್ವಾಲಾಮುಖಿಗಳು ಕೊಟ್ಟ ಫಲವತ್ತಾದ ಕೆಂಪು ಮಣ್ಣು. ಇಷ್ಟಿದ್ದೂ ಅಲ್ಲಿನ ಜನ ಉಣ್ಣುವ ಆಹಾರದಲ್ಲಿ ನೂರಕ್ಕೆ 85ರಿಂದ 90 ಪಾಲು ಹೊರಗಿನಿಂದ ಬರುತ್ತದೆಂದು ಅಂದಾಜು. ಹಡಗು ತಡವಾದರೆ ಅಂಗಡಿ ಬರಿದು. ಆದುದರಿಂದ, ಯಾವ ನೆಲವನ್ನು ಕೃಷಿಗೆಂದು ಮೀಸಲಿಡಬೇಕು, ಯಾವುದರಲ್ಲಿ ಮನೆ ಕಟ್ಟಬೇಕು ಎಂಬ ಪ್ರಶ್ನೆ ಅಲ್ಲಿ ಕಚೇರಿಯ ಕಡತದ ವಿಷಯ ಮಾತ್ರವಲ್ಲ. ಮನೆಮನೆಯ ಅಡುಗೆಯ ವಿಷಯ.

ಈ ಪ್ರಶ್ನೆಯ ಬಿಸಿ ಹೆಚ್ಚಾಗಿ ತಟ್ಟಿರುವ ಸ್ಥಳಗಳಲ್ಲಿ ಮಾವಿ ಕೌಂಟಿಯೂ ಒಂದು. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ. ಮಾವಿ, ಮೊಲೊಕಾಯ್, ಲಾನಾಯ್ ದ್ವೀಪಗಳೂ ನಿರ್ಜನವಾದ ಕಹೋಲಾವೆಯೂ ಇದಕ್ಕೆ ಸೇರಿವೆ. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 1,64,754. ಮಾವಿಯ ಪೂರ್ವಕ್ಕೆ 10,023 ಅಡಿ ಎತ್ತರದ ಹಲೆಅಕಲಾ ಪರ್ವತ. ಪಶ್ಚಿಮಕ್ಕೆ ಇನ್ನೊಂದು ಬೆಟ್ಟಸಾಲು. ಎರಡರ ನಡುವೆ ಬಯಲು. ಈ ಬಯಲೇ ನಮ್ಮ ಕಥೆಯ ರಂಗಭೂಮಿ.

ಸಕ್ಕರೆಯ ಸಾಮ್ರಾಜ್ಯ

ಪೂರ್ವಕಾಲದಲ್ಲಿ ಹವಾಯಿ ಜನರು ನೆಲವನ್ನು ಬೆಟ್ಟದ ನೆತ್ತಿಯಿಂದ ಕಡಲಿನವರೆಗೆ ಸೀಳಿದ ಪಟ್ಟಿಗಳಾಗಿ ಹಂಚಿಕೊಂಡಿದ್ದರು. ಮೇಲೆ ಕಾಡು, ನಡುವೆ ಕೆಸುವಿನ ಗದ್ದೆ, ಕೆಳಗೆ ಮೀನು. ಒಂದೊಂದು ಪಟ್ಟಿಯೂ ತನ್ನ ಜನರನ್ನು ತಾನೇ ಸಾಕುತ್ತಿದ್ದಿತು. 1848ರಲ್ಲಿ ನಡೆದ ಮಹಾ ಭೂವಿಭಜನೆಯಿಂದ ನೆಲಕ್ಕೆ ಖಾಸಗಿ ಒಡೆತನ ಬಂದಿತು. ಕ್ರಮೇಣ ವಿಸ್ತಾರವಾದ ಭೂಮಿ ಸಕ್ಕರೆ ಕಂಪೆನಿಗಳ ಕೈ ಸೇರಿತು. 1870ರ ದಶಕದಲ್ಲಿ ಪೂರ್ವ ಮಾವಿಯ ಮಳೆಕಾಡಿನ ತೊರೆಗಳನ್ನು ತಿರುಗಿಸಿ ಒಣ ಬಯಲಿಗೆ ಕಾಲುವೆ ತೋಡಿದರು. ಚೀನಾ, ಜಪಾನ್, ಪೋರ್ಚುಗಲ್, ಫಿಲಿಪೈನ್ಸ್‌ಗಳಿಂದ ಕೂಲಿಗಳು ಬಂದರು. ಬಯಲೆಲ್ಲ ಕಬ್ಬಾಯಿತು.

ನಾಲ್ಕು ಬಗೆಯ ನೆಲ

1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾಯಿತು. ಪ್ರವಾಸಿಗಳು ಹೆಚ್ಚಿದರು, ಹೋಟೆಲುಗಳು ಎದ್ದವು, ಭೂಮಿಯ ಬೆಲೆ ಗಗನಕ್ಕೇರಿತು. ಹೊಲಗಳೆಲ್ಲ ನಿವೇಶನಗಳಾದಾವೆಂಬ ಭಯದಿಂದ 1961ರಲ್ಲಿ ಅಲ್ಲಿನ ಶಾಸನಸಭೆ ಒಂದು ಕಾನೂನನ್ನು ಮಾಡಿತು. ಇಡೀ ರಾಜ್ಯದ ನೆಲವನ್ನು ಸರ್ಕಾರವೇ ವಿಂಗಡಿಸತಕ್ಕ ಇಂತಹ ಕಾನೂನು ಅಮೆರಿಕದಲ್ಲಿ ಅದೇ ಮೊದಲು. ಈಗ ನಗರ, ಗ್ರಾಮ, ಕೃಷಿ, ಸಂರಕ್ಷಣೆ ಎಂದು ನಾಲ್ಕು ವಿಭಾಗಗಳುಂಟು. 15 ಎಕರೆಗಿಂತ ಹೆಚ್ಚಿನ ನೆಲವನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ಬದಲಾಯಿಸಬೇಕಾದರೆ ಒಂಬತ್ತು ಸದಸ್ಯರ ಭೂ ಉಪಯೋಗ ಆಯೋಗದ ಮುಂದೆ ಹೋಗಬೇಕು. ಆರು ಮಂದಿಯಾದರೂ ಒಪ್ಪಬೇಕು.

ಉದ್ದೇಶವೇನೋ ಒಳ್ಳೆಯದೆ. ಆದರೆ ವಿಂಗಡಿಸುವಾಗ, ನಗರಕ್ಕೂ ಸಲ್ಲದ, ಅರಣ್ಯಕ್ಕೂ ಸಲ್ಲದ ನೆಲ ಬಹುಮಟ್ಟಿಗೆ ಕೃಷಿಯ ಪಾಲಿಗೆ ಬಿದ್ದಿತು. ಹೀಗಾಗಿ ರಾಜ್ಯದ ಸುಮಾರು ಅರ್ಧ ಭಾಗ ‘ಕೃಷಿ’ ಎನಿಸಿಕೊಂಡಿದೆ. ಅದರಲ್ಲಿ ಕಬ್ಬು ಬೆಳೆದ ಚಿನ್ನದಂತಹ ಮಣ್ಣೂ ಇದೆ. ಹುಲ್ಲೂ ಹುಟ್ಟದ ಲಾವಾ ಬಂಡೆಯೂ ಇದೆ. ಭೂಪಟದಲ್ಲಿ ಎರಡಕ್ಕೂ ಒಂದೇ ಹೆಸರು.

ಹಣವಂತರು ಈ ಸಂದಿಯಲ್ಲಿ ನುಸುಳಿದರು. ಕೃಷಿ ವಿಭಾಗದಲ್ಲಿ ‘ಬೇಸಾಯಗಾರನ ಮನೆ’ ಕಟ್ಟಲು ಅವಕಾಶವುಂಟು. ನಿವೇಶನ ಒಂದು ಎಕರೆಯಿದ್ದರೂ ರಾಜ್ಯದ ಕಾನೂನಿಗೆ ಸಾಕು. ನಾಲ್ಕು ಹಣ್ಣಿನ ಗಿಡ ನೆಟ್ಟು, ನಡುವೆ ಅರಮನೆ ಕಟ್ಟಿಸಿ, ಅದನ್ನೇ ತೋಟದ ಮನೆಯೆಂದು ಕರೆದವರಿದ್ದಾರೆ. ಹವಾಯಿ ದ್ವೀಪದ ಕೋನಾ ತೀರದಲ್ಲಿ 1,500 ಎಕರೆಗೂ ಮಿಕ್ಕ ಕೃಷಿಭೂಮಿಯಲ್ಲಿ ಗಾಲ್ಫ್ ಮೈದಾನದೊಡನೆ ವಿಲಾಸಗೃಹಗಳ ಬಡಾವಣೆ ಎದ್ದಾಗ, 2003ರಲ್ಲಿ ನ್ಯಾಯಾಲಯವೇ ಕೆಲಸವನ್ನು ತಡೆಯಬೇಕಾಯಿತು. ವ್ಯಾಜ್ಯ 2006ರಲ್ಲಿ ರಾಜಿಯಲ್ಲಿ ಮುಗಿಯಿತು.

ಕೃಷಿಭೂಮಿಯನ್ನು ಕಾಪಾಡಬೇಕೆಂದು 1978ರಲ್ಲೇ ರಾಜ್ಯದ ಸಂವಿಧಾನದಲ್ಲಿ ಬರೆದಿದ್ದರು. ನಿಜವಾಗಿ ಉತ್ತಮವಾದ ನೆಲವನ್ನು ‘ಮುಖ್ಯ ಕೃಷಿಭೂಮಿ’ಯೆಂದು ಬೇರೆಯಾಗಿ ಗುರುತಿಸುವ ಕಾನೂನು ಬಂದದ್ದು 2005ರಲ್ಲಿ, ಆ ವೇಳೆಗೆ 27 ವರ್ಷ ಕಳೆದಿದ್ದವು. ಮಾವಿ ಕೌಂಟಿ 2012ರಲ್ಲಿ ತನ್ನ ಸಾರ್ವತ್ರಿಕ ಯೋಜನೆಯ ಅಂಗವಾಗಿ ದ್ವೀಪದ ಯೋಜನೆಯನ್ನು ಅಂಗೀಕರಿಸಿ, ಊರುಗಳ ಸುತ್ತ ಬೆಳವಣಿಗೆಯ ಗೆರೆಗಳನ್ನು ಎಳೆಯಿತು. ಗೆರೆಯ ಒಳಗೆ ಮನೆ, ಹೊರಗೆ ಹೊಲ ಎಂಬುದು ಅದರ ತಾತ್ಪರ್ಯ.

ಕಬ್ಬು ಹೋಯಿತು, ಹುಲ್ಲು ಬಂದಿತು

ಗೆರೆ ಎಳೆದು ನಾಲ್ಕೇ ವರ್ಷ. 2016ರ ಡಿಸೆಂಬರ್‌ನಲ್ಲಿ ಪುಉನೇನೆಯ ಕಾರ್ಖಾನೆ ಕೊನೆಯ ಕಬ್ಬನ್ನು ಅರೆಯಿತು. ಹವಾಯಿಯ ಕಟ್ಟಕಡೆಯ ಸಕ್ಕರೆ ಕಾರ್ಖಾನೆ ಅದು. ಸುಮಾರು 36,000 ಎಕರೆ ಒಮ್ಮೆಗೇ ಬೀಳುಬಿದ್ದಿತು. ಯೋಜನೆಯಲ್ಲಿ ಅದು ಕೃಷಿಭೂಮಿಯೇ. ಉಳುವವರು ಮಾತ್ರ ಇಲ್ಲ. 2018ರಲ್ಲಿ 41,000 ಎಕರೆಯನ್ನು, ಕೆನಡಾದ ನಿವೃತ್ತಿವೇತನ ನಿಧಿಯೊಂದರ ಬಂಡವಾಳದಿಂದ ಹುಟ್ಟಿದ ಸಂಸ್ಥೆ 26 ಕೋಟಿ 20 ಲಕ್ಷ ಡಾಲರಿಗೆ ಕೊಂಡು, ನಿಂಬೆ ಜಾತಿಯ ಹಣ್ಣು, ಕಾಫಿ ಮುಂತಾದುವನ್ನು ಬೆಳೆಸತೊಡಗಿತು. ಅದೇ ವರ್ಷ ರಾಜ್ಯದ ಜಲ ಆಯೋಗ, ಕಾಲುವೆಗೆ ತಿರುಗಿದ್ದ ಹಲವು ತೊರೆಗಳ ನೀರನ್ನು ಮತ್ತೆ ಹೊಳೆಗೇ ಬಿಡಬೇಕೆಂದು ಆಜ್ಞೆ ಮಾಡಿತು. ಕೆಳಹಳ್ಳಿಗಳ ಕೆಸುವಿನ ರೈತರು ಬಹುಕಾಲ ಹೋರಾಡಿದ್ದು ಇದಕ್ಕಾಗಿಯೇ.

ಪಶ್ಚಿಮ ತೀರದ ಲಹೈನಾದಲ್ಲಿ ಕಬ್ಬಿನ ಕಾರ್ಖಾನೆ ಇನ್ನೂ ಮೊದಲೇ, 1999ರಲ್ಲಿ, ಮುಚ್ಚಿದ್ದಿತು. ಊರಿನ ಹಿಂದಿನ ಹೊಲಗಳಲ್ಲಿ ಹೊರದೇಶದ ಹುಲ್ಲು ಆಳೆತ್ತರ ಬೆಳೆದು ಒಣಗಿ ನಿಂತಿದ್ದಿತು. 2023ರ ಆಗಸ್ಟ್ 8ರಂದು ಬಿರುಗಾಳಿಗೆ ವಿದ್ಯುತ್ ತಂತಿಗಳು ಹರಿದು, ಒಣಹುಲ್ಲಿಗೆ ಕಿಡಿ ತಗುಲಿತು. 2,200ಕ್ಕೂ ಮಿಕ್ಕಿದ ಕಟ್ಟಡಗಳು ಬೆಂದವು. ನೂರಕ್ಕೂ ಹೆಚ್ಚು ಜನ ಮಡಿದರು. ಒಂದು ಕಾಲಕ್ಕೆ ಹವಾಯಿ ಅರಸರ ರಾಜಧಾನಿಯಾಗಿದ್ದ ಊರು ಬೂದಿಯಾಯಿತು. ಹೊಲವನ್ನು ಬರಿಯ ಹೆಸರಿನಲ್ಲಿ ಹೊಲವಾಗಿ ಉಳಿಸಿದರೆ ಏನಾಗಬಹುದೆಂಬುದನ್ನು ಆ ದಿನ ತೋರಿಸಿಕೊಟ್ಟಿತು.

ಸಾವಿರಾರು ಸಂಸಾರಗಳು ನಿರಾಶ್ರಿತವಾದ ಮೇಲೆ ‘ಮನೆ ಬೇಕು’ ಎಂಬ ಕೂಗು ಇನ್ನಷ್ಟು ಬಲವಾಯಿತು. ಅದು ಅನ್ಯಾಯದ ಕೂಗಲ್ಲ. ದ್ವೀಪದಲ್ಲಿ ಹುಟ್ಟಿ ಬೆಳೆದ ಶಾಲಾ ಉಪಾಧ್ಯಾಯಿನಿಗೂ ಹೋಟೆಲಿನ ಕೆಲಸಗಾರನಿಗೂ ಅಲ್ಲಿ ಮನೆ ಕೊಳ್ಳುವುದು ಕನಸಿನ ಮಾತು. ಆದರೆ ಒಮ್ಮೆ ಕಾಂಕ್ರೀಟು ಹಾಕಿದ ಹೊಲ ಮತ್ತೆ ಹೊಲವಾಗುವುದು ಹೆಚ್ಚುಕಡಿಮೆ ಅಸಾಧ್ಯ. ದ್ವೀಪಕ್ಕೆ ನೆರೆಯ ತಾಲ್ಲೂಕೆಂಬುದೂ ಇಲ್ಲ.

ಯೋಜನೆ ಮಾಡುವವರು ನೆಲಕ್ಕೆ ಕೃಷಿಯೆಂಬ ಹೆಸರನ್ನು ಕೊಡಬಲ್ಲರು. ಆ ಹೆಸರು ನಿಜವಾಗಬೇಕಾದರೆ ಸಣ್ಣ ರೈತನಿಗೆ ಕೈಗೆಟುಕುವ ಗೇಣಿ, ಭರವಸೆಯ ನೀರು, ಕೆಲಸಗಾರರಿಗೆ ತಲೆಯ ಮೇಲೊಂದು ಸೂರು, ಬೆಳೆಗೆ ಹತ್ತಿರದಲ್ಲೇ ಪೇಟೆ, ಇಷ್ಟೂ ಒದಗಬೇಕು. ಮಾವಿಯ ಕೆಂಪು ಮಣ್ಣು ಇಂದಿಗೂ ಸತ್ತ್ವ ಕಳೆದುಕೊಂಡಿಲ್ಲ. ಅದರಲ್ಲಿ ಮುಂದಿನ ತಲೆಮಾರು ಕೆಸುವನ್ನು ಕೀಳುವುದೋ, ಒಣಹುಲ್ಲನ್ನು ಕಾಯುವುದೋ ಎಂಬುದು ಈಗಿನವರ ಕೈಯಲ್ಲಿದೆ.